ಹತ್ತು ಸೆಕೆಂಡಿನ ಸೊನ್ನೆ

ನಮ್ಮಪ್ಪ ಗಾಳೆಪ್ಪನ ಮೀಸೆ ನನಗಿಂತ ಎರಡು ವರ್ಷ ದೊಡ್ಡದು. ನಾನು ಹುಟ್ಟುವ ಮೊದಲೇ ಬೆಳೆಸಿದ್ದಂತೆ. ಅದಕ್ಕೆ ದಿನಾ ಬೆಳಿಗ್ಗೆ ಎಣ್ಣೆ ಹಚ್ಚುವ ಅಪ್ಪ ನನ್ನ ತಲೆಗೆ ಒಂದು ದಿನವೂ ಹಚ್ಚಿದವನಲ್ಲ.

ಅಂಥ ಮೀಸೆಯನ್ನು ಚಹಾದಂಗಡಿಯಲ್ಲಿ ಹತ್ತು ಜನರೆದುರು ಪಣಕ್ಕಿಟ್ಟು ಬಂದ. ಅಳವಂಡಿ ಹತ್ತಿರದ ನಮ್ಮೂರಿನ ಮಹಿಳಾ ಹಾಲು ಸಂಘದಲ್ಲಿ ಒಂದು ನಿರ್ದೇಶಕಿ ಸ್ಥಾನ ತೆರವಾಗಿ ಚುನಾವಣೆ ಬಂದಿತ್ತು. ನಮ್ಮವ್ವ ಫಕೀರಮ್ಮ ನಿಂತಿದ್ದಳು. ಸಂಘದಲ್ಲಿ ಸದಸ್ಯರೆಲ್ಲ ಹೆಂಗಸರೇ, ವೋಟೂ ಅವರದೇ. ಗಂಡಸರಿಗೆ ಉಳಿದದ್ದು ಬರೀ ಬಾಯಿ.

"ನಿನ್ನ ಹೆಂಡ್ತಿ ಮಂದಿ ಮುಂದ ನಾಕು ಮಾತಾಡಿದ್ದ ನಾ ಕಂಡಿಲ್ಲ. ಆಕಿ ಗೆಲ್ತಾಳಾ?" ಎಂದು ಚುನಾವಣೆಯಲ್ಲಿ ಅವ್ವನ ಎದುರು ನಿಂತಿದ್ದ ಮಹೇಶ್ವರಿಯ ಗಂಡ ತಿರುಮಲೇಶ ಕೆಣಕಿದ್ದ.

"ಆಕಿ ಸೋತ್ರ ಪಂಪಾಪತಿ ಅಂಗಡ್ಯಾಗ ಕುಂತು ಮೀಸಿ ಬೋಳಿಸ್ತೀನಿ. ನೀನ ಬಂದು ನೋಡಲೇ," ಅಂದುಬಿಟ್ಟ ಅಪ್ಪ.

ಸುದ್ದಿ ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ. "ನನ್ನ ಕೇಳಿ ಇಟ್ಟಿದ್ದೇನು?" ಅಂದಳು, ಅಷ್ಟೇ. ಇಪ್ಪತ್ತು ವರ್ಷ ಅಪ್ಪ ಅವಳನ್ನು ಒಂದು ಸಲವೂ ಬಾಯಿಬಿಟ್ಟು ಹೊಗಳಿದ್ದಿಲ್ಲ. ಹೊಗಳುವುದಕ್ಕೆ ಇದಕ್ಕಿಂತ ಸುಲಭದ ದಾರಿ ಅವನಿಗೆ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ನಾನು ಕೊಪ್ಪಳದಲ್ಲಿ ಬಿಸಿಎ ಎರಡನೆಯ ವರ್ಷ. ಎಣಿಕೆ ನಡೆಯುವ ಶಾಲೆಯ ಕೋಣೆಗೆ ಜನ ನುಗ್ಗಬಾರದು, ಫಲಿತಾಂಶ ಎಲ್ಲರಿಗೂ ಫೋನಿನಲ್ಲೇ ಕಾಣಬೇಕು, ಅಂಥದೊಂದು ವೆಬ್ ಪುಟ ಮಾಡಿಕೊಡು ಎಂದು ಸಂಘದ ಕಾರ್ಯದರ್ಶಿ ಹಸನಬೀ ನನ್ನನ್ನೇ ಕೇಳಿದರು.

"ನಿಮ್ಮವ್ವ ನಿಂತಾಳಂತ ಗೊತ್ತೈತಿ ಸುಕನ್ಯಾ. ಆದ್ರ ಊರಾಗ ಇದು ಬರೋದು ನಿನಗೊಬ್ಬಾಕಿಗೆ. ನಾ ಬರದು ಕೊಟ್ಟ ಅಂಕಿ ಹಾಕು, ಸಾಕು."

ಮೂರು ಹೆಸರು, ಮೂರು ಅಂಕಿ. ಅಷ್ಟು ಹಾಕಿದ್ದರೆ ಊರು ಉದ್ಧಾರವಾಗುತ್ತಿತ್ತು. ಆದರೆ ನಾನು ಆಗಷ್ಟೇ ಜಾವಾಸ್ಕ್ರಿಪ್ಟಿನಲ್ಲಿ ಪುಟದ ಮೇಲಿನ ವಸ್ತುಗಳನ್ನು ಓಡಾಡಿಸುವುದನ್ನು ಕಲಿತಿದ್ದೆ. ಕಲಿತ ಕೈ ಸುಮ್ಮನಿರುತ್ತದೆಯೇ? ಪ್ರತಿ ಹೆಸರಿನ ಪಕ್ಕ ಒಂದು ಬಣ್ಣದ ಪಟ್ಟಿ. ಫೋನು ಪರದೆಯ ಮೇಲಿನ ಚಿತ್ರವನ್ನು ಸೆಕೆಂಡಿಗೆ ಹತ್ತಾರು ಸಲ ಹೊಸದಾಗಿ ಬಿಡಿಸುತ್ತದೆ; ಪ್ರತಿ ಸಲ ಬಿಡಿಸಿದಾಗಲೂ ಪಟ್ಟಿ ಕೂದಲೆಳೆಯಷ್ಟು ಉದ್ದವಾಗಬೇಕು, ಪಕ್ಕದ ಅಂಕಿ ಸೊನ್ನೆಯಿಂದ ಏರಬೇಕು. ಒಬ್ಬರದು ಮುಗಿದ ಮೇಲೆ ಮತ್ತೊಬ್ಬರದು. ನಾಮಪತ್ರ ಕೊಟ್ಟ ಕ್ರಮದಲ್ಲಿ ಅವ್ವನ ಹೆಸರು ಕೊನೆಗೆ. ಅದಕ್ಕೂ ಮೊದಲು ಹತ್ತು ಸೆಕೆಂಡು ಏನೂ ಅಲುಗಾಡದಂತೆ ಮಾಡಿದೆ. ಜನ ಉಸಿರು ಬಿಗಿಹಿಡಿದು ಕೂತಿರಬೇಕು, ಆಗ ಅವ್ವನ ಪಟ್ಟಿ ಏಳಬೇಕು! ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವುದು ನನ್ನಂಥವರನ್ನು ನೋಡಿಯೇ.

ಮಧ್ಯಾಹ್ನ ಮೂರಕ್ಕೆ ಎಣಿಕೆ ಮುಗಿಯಿತು. ಕಣದಲ್ಲಿದ್ದ ಇನ್ನೊಬ್ಬಾಕೆ ಜುಬೇದಾಬೀ ಇಪ್ಪತ್ತೊಂಬತ್ತು, ಮಹೇಶ್ವರಿ ನಲವತ್ತೈದು, ಅವ್ವ ನಲವತ್ತಾರು. ಅವ್ವ ಬೆಂಚಿನ ಮೇಲೆ ಕೂತಲ್ಲೇ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಅಂಕಿ ಹಾಕಿ, ಕೊಂಡಿಯನ್ನು ಊರಿನ ವಾಟ್ಸ್ಯಾಪ್ ಗುಂಪಿಗೆ ಬಿಟ್ಟೆ. ಐದು ನಿಮಿಷ ಬಿಟ್ಟು ಅಪ್ಪನಿಗೆ ಫೋನ್ ಮಾಡಿದೆ.

"ನೋಡ್ದಿ ಏನಪಾ?"

"ನೋಡ್ದೆ ಬಿಡವಾ. ಪಂಪಾಪತಿ ಅಂಗಡ್ಯಾಗ ಕುಂತೀನಿ." ದನಿ ಸಣ್ಣಗಿತ್ತು. "ನಿಮ್ಮವ್ವಗ ಏನೂ ಅನಬ್ಯಾಡ. ಸೊನ್ನಿ ಬಂದ್ರೇನು, ಆಕಿ ನಿಂತಿದ್ದ ದೊಡ್ಡದು."

ಫೋನ್ ಕಟ್ಟಾಯಿತು. ಸೊನ್ನೆ ಅಂದದ್ದು ಕಿವಿಗೆ ಬಿದ್ದದ್ದೇ ನನಗೆ ನನ್ನ ಜಾಣತನವೆಲ್ಲ ತಿಳಿದುಹೋಯಿತು. ಅಪ್ಪನ ಫೋನಿನ ಪರದೆ ಮುಟ್ಟದಿದ್ದರೆ ಬೇಗ ಆರುತ್ತದೆ. ಆರಿದರೆ ಬ್ರೌಸರು ಚಿತ್ರ ಬಿಡಿಸುವುದನ್ನೇ ನಿಲ್ಲಿಸುತ್ತದೆ. ಪಟ್ಟಿ ನಿಂತಲ್ಲೇ ನಿಲ್ಲುತ್ತದೆ. ನನ್ನ ಆ ಹತ್ತು ಸೆಕೆಂಡಿನ ನಡುವೆಯೇ ಅದು ಆರಿಹೋಗಿತ್ತು.

ಚಪ್ಪಲಿ ಮೆಟ್ಟದೆ ಓಡಿದೆ. ಚಹಾದಂಗಡಿಯಲ್ಲಿ ಆಗಿದ್ದು ಆಮೇಲೆ ತಿಳಿಯಿತು. ನೆಟ್‌ವರ್ಕ್ ಸಾಲದೆ ಉಳಿದವರ ಫೋನಿನಲ್ಲಿ ಪುಟ ತೆರೆದೇ ಇರಲಿಲ್ಲ, ಎಲ್ಲರೂ ಅಪ್ಪನ ಫೋನಿಗೆ ಬಗ್ಗಿದ್ದರು. ಮಹೇಶ್ವರಿ ನಲವತ್ತೈದು, ಫಕೀರಮ್ಮ ಸೊನ್ನೆ! ಪರದೆ ಕಪ್ಪಾಯಿತು. ತಿರುಮಲೇಶ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿದ. ಅಪ್ಪ ಅವನ ಹಿಂದೆಯೇ ಪಂಪಾಪತಿ ಅಂಗಡಿಗೆ ನಡೆದನಂತೆ.

ನಾನು ಅಂಗಡಿ ಮುಟ್ಟುವಾಗ ಅಪ್ಪನ ಮೂಗಿನ ಕೆಳಗೆಲ್ಲ ನೊರೆ. ಪಂಪಾಪತಿ ಕತ್ತಿಗೆ ಹೊಸ ಬ್ಲೇಡು ಹಾಕುತ್ತಿದ್ದ.

"ಕಾಕಾ, ಕೈ ತಗೀರಿ!" ಎಂದು ಕೂಗಿದೆ. "ಅಪ್ಪಾ, ಫೋನ್ ಕೊಡು. ಮುಗದಿಲ್ಲ ಅದು."

ಫೋನ್ ತೆರೆದು ಎಲ್ಲರಿಗೂ ಕಾಣುವಂತೆ ಹಿಡಿದೆ. ಅವ್ವನ ಹೆಸರು, ಸೊನ್ನೆ. ಏನೂ ಆಗಲಿಲ್ಲ. ಇನ್ನೆಷ್ಟು ಸೆಕೆಂಡು ಉಳಿದಿದೆಯೋ ದೇವರೇ ಬಲ್ಲ. ತಿರುಮಲೇಶ ನಕ್ಕ. ಆಗ ಪಟ್ಟಿ ಅಲುಗಿತು. ಒಂದು, ಎರಡು, ಏಳು, ಹದಿನೈದು. ಮೂವತ್ತು ದಾಟುವಾಗ ಪಂಪಾಪತಿಯೇ ಜೋರಾಗಿ ಎಣಿಸತೊಡಗಿದ. ನಲವತ್ಮೂರು, ನಲವತ್ನಾಲ್ಕು, ನಲವತ್ತೈದು. ಅಲ್ಲಿ ಒಂದು ಕ್ಷಣ ನಿಂತಂತೆ ಕಂಡಿತು, ನಲವತ್ತಾರಕ್ಕೆ ಹಾರಿತು.

"ಹೋದ ಜೀವ ಬಂತು ನೋಡಪಾ," ಎಂದ ಪಂಪಾಪತಿ, ತನ್ನದೇ ಮೀಸೆ ಉಳಿದವನಂತೆ. ತಿರುಮಲೇಶ ಫೋನನ್ನು ಎರಡು ಸಲ ತಿರುಗಿಸಿ ನೋಡಿ, "ಒಂದ ವೋಟಿಗೇನಲೇ!" ಎಂದು ಬಾಗಿಲಿಗೊರಗಿದ. ಅಪ್ಪ ನೊರೆಯಲ್ಲೇ ನಗತೊಡಗಿದ, ಕಣ್ಣಲ್ಲಿ ನೀರು. ನಾನಂತೂ ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಮನಸ್ಸು ಅಷ್ಟು ಹಗುರಾಗಿತ್ತು.

ಹಗುರಾದ ಮೇಲೆ ಸಿಟ್ಟು ಬಂತು. "ಅಲ್ಲಪಾ, ಸೊನ್ನಿ ಅಂದ್ರ ಹೆಂಗ ನಂಬಿದಿ? ಅವ್ವನ ಸ್ವಂತ ವೋಟರ ಒಂದು ಇರಬೇಕಲ್ಲ?"

ಅಪ್ಪ ಟವೆಲ್ಲಿನಿಂದ ನೊರೆ ಒರೆಸಿಕೊಂಡ. "ನಿಮ್ಮವ್ವ ತನ್ನ ತಾಟಿಗೆ ಮೊದಲ ಬಡಿಸ್ಕೊಂಡಿದ್ದು ಎಂದರ ನೋಡೀಯೇನು? ಯಾರರ ಯಕ್ಕಾ ಅಂತ ಕೇಳಿದ್ರ ವೋಟ ಕೊಟ್ಟಿರ್ತಾಳ, ಅಂದ್ಕೊಂಡೆ."

"ಕೇಳಿದ್ಲು."

ಅವ್ವ ಬಾಗಿಲ ಹೊರಗೆ ನಿಂತಿದ್ದಳು, ಕೈಯಲ್ಲಿ ನನ್ನ ಚಪ್ಪಲಿ. ಗಂಡಸರ ಅಂಗಡಿಯ ಒಳಗೆ ಬರಲಿಲ್ಲ.

"ಮುಂಜಾನಿ ಮಹೇಶ್ವರಿ ಬಂದು ಕೈ ಹಿಡ್ಕೊಂಡು ಕೇಳಿದ್ಲು. ಹೂಂ ಅನ್ನಾಕ ಬಾಯಿ ತೆರದಿದ್ದೆ." ತಿರುಮಲೇಶ ಇದ್ದಾನೆಂದು ನೋಡಿಯೂ ಅವಳು ದನಿ ತಗ್ಗಿಸಲಿಲ್ಲ. "ಆಮ್ಯಾಲ, ಇದೊಂದು ನನಗ ಬೇಕವಾ, ಅಂದೆ."

ನಾನು ಮನಸ್ಸಿನಲ್ಲೇ ನಲವತ್ತಾರರಲ್ಲಿ ಒಂದು ತೆಗೆದು ಮಹೇಶ್ವರಿಯ ನಲವತ್ತೈದಕ್ಕೆ ಹಾಕಿ ನೋಡಿದೆ. ಅವ್ವ ನಲವತ್ತೈದು, ಮಹೇಶ್ವರಿ ನಲವತ್ತಾರು. ಅಪ್ಪನ ಮೀಸೆ ಉಳಿಸಿದ್ದು ನಾನು ಎಂದು ಆಗಲೇ ಒಳಗೊಳಗೇ ಬೀಗುತ್ತಿದ್ದೆ. ಅದನ್ನು ಬೆಳಿಗ್ಗೆಯೇ ಅವ್ವ ಉಳಿಸಿಯಾಗಿತ್ತು.