ಐನೂರು ನಿದ್ದೆ

ಅಂತ್ಯಕ್ರಿಯೆ ಮುಗಿದ ಮಾರನೆಯ ಬೆಳಿಗ್ಗೆ ಯೂವೆನ್ ಸ್ಟೌ ಒರೆಸಿದಳು. ಬಂದವರಿಗೆ ಹಂಚಿ ಮಿಕ್ಕ ಬಿಳಿ ಟವೆಲುಗಳು ಎರಡು ಪೆಟ್ಟಿಗೆಯಷ್ಟಿದ್ದವು; ಅವುಗಳಲ್ಲೊಂದರಿಂದಲೇ ಒರೆಸಿದಳು. ಅಳು ಬರಲಿಲ್ಲ. ಸ್ಟೌ ಹೊಳೆಯಿತು. ಆಮೇಲೆ ಗಂಡನ ಕೋಣೆಗೆ ಹೋಗಿ, ಹನ್ನೆರಡು ದಿನಗಳಿಂದ ಯಾರೂ ಮುಟ್ಟದ ಕಂಪ್ಯೂಟರಿನ ಮುಂದೆ ಕೂತಳು.

ಗಂಡ ಝೆಮಿಂಗನಿಗೆ ಹಿಂದಿನ ದಿನ ಒಂದು ಪತ್ರ ಬಂದಿತ್ತು. ಬರೆದವಳು ಇನೆಸ್. ಎಲ್ಲೋ ಲಿಸ್ಬನ್ನಿನಲ್ಲಿ ಕೂತು, ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿ ವೈರ್‌ಲೆಸ್ ಕಾರ್ಡುಗಳನ್ನು ನಡೆಸುವ ಡ್ರೈವರ್ ಪ್ರೋಗ್ರಾಂಗಳ ಉಸ್ತುವಾರಿ ನೋಡುವವಳು. ಕರ್ನಲ್ಲಿನ ದೋಷಕ್ಕೆ ಯಾರು ಬೇಕಾದರೂ ತೇಪೆ, ಅಂದರೆ ತಿದ್ದುಪಡಿ, ಬರೆದು ಕಳಿಸಬಹುದು. ಒಪ್ಪುವುದು ಬಿಡುವುದು ಇಂಥವರ ಕೈಯಲ್ಲಿ. ಝೆಮಿಂಗ್ ಮೊದಲು ಕಳಿಸಿದ್ದ ತೇಪೆಗೆ ಅವಳ ಉತ್ತರವಿದು: ‘ಯಂತ್ರ ನಿದ್ದೆಯಿಂದ ಎದ್ದಮೇಲೆ ಎರಡು ಸೆಕೆಂಡು ಕಾಯುವುದು ಪರಿಹಾರವಲ್ಲ. ಕಾರ್ಡ್ ಏಕೆ ಕೈಕೊಡುತ್ತದೆ ಎಂದು ಹೇಳಿ. ಹತ್ತು ದಿನದಲ್ಲಿ ಉತ್ತರ ಬಾರದಿದ್ದರೆ ಈ ತೇಪೆಯನ್ನು ಕೈಬಿಡುತ್ತೇನೆ.’

ಬ್ಯಾಡ್ಮಿಂಟನ್ ಅಂಗಳದಲ್ಲಿ ಕುಸಿದ ಝೆಮಿಂಗ್ ಮತ್ತೆ ಏಳಲಿಲ್ಲವೆಂಬುದು ಆಕೆಗೆ ಗೊತ್ತಿರಲಿಲ್ಲ.

ಮೇಜಿನ ಮೇಲೆ ಇನ್ನೊಂದು ಲ್ಯಾಪ್‌ಟಾಪ್ ಇತ್ತು. ಅವರದಲ್ಲ. ಬೀದಿಯ ತುದಿಯಲ್ಲಿ ಅಕ್ಕಿ ಶಾವಿಗೆ ಅಂಗಡಿ ಇಟ್ಟ ಪೆಂಗ್ ದೊಡ್ಡಪ್ಪನದು; ಕೀಲಿಗಳಿಗೆಲ್ಲ ಈರುಳ್ಳಿ ಹುರಿದ ವಾಸನೆ. ಗುಜರಿಗೆ ಹೊರಟಿದ್ದ ಅದಕ್ಕೆ ಝೆಮಿಂಗನೇ ಲಿನಕ್ಸ್ ಹಾಕಿಕೊಟ್ಟಿದ್ದ. ಅಂದಿನಿಂದ ಒಂದೇ ದೂರು: ಮುಚ್ಚಿ ತೆರೆದರೆ ನೆಟ್ ಹೋಗಿರುತ್ತದೆ. ದೊಡ್ಡಪ್ಪನಿಗೆ ಅಡುಗೆ ಮಾಡುವಾಗ ನೆಟ್ಟಿನಲ್ಲಿ ತಮ್ಮ ಜನರ ಬೆಟ್ಟದ ಹಾಡು ಕೇಳಬೇಕು. ‘ನಿನ್ನ ಯಂತ್ರ ನನ್ನ ಅಳಿಯನ ಥರ ಕಣಯ್ಯ, ಮಲಗಿದ್ರೆ ಏಳೋದೇ ಇಲ್ಲ’ ಎಂದು ಗ್ರಾಹಕರ ಮುಂದೆಯೇ ಬೈದಿದ್ದರು. ಝೆಮಿಂಗ್ ಒಂದು ವಾರಕ್ಕೆಂದು ಎರವಲು ತಂದಿದ್ದ. ಐದು ತಿಂಗಳಾಗಿತ್ತು.

ಪಕ್ಕದಲ್ಲಿದ್ದ ನೋಟ್‌ಬುಕ್ಕನ್ನು ಯೂವೆನ್ ತೆರೆದಳು. ಅವಳೂ ಅವನ ಜೊತೆಯಲ್ಲೇ ಎಲೆಕ್ಟ್ರಾನಿಕ್ಸ್ ಓದಿದವಳು. ಆಮೇಲೆ ಪಾಲಿಟೆಕ್ನಿಕ್ಕಿನಲ್ಲಿ ಗಣಿತ ಹೇಳಿಕೊಡುತ್ತ ಪ್ರೋಗ್ರಾಂ ಬರೆಯುವುದನ್ನು ಬಿಟ್ಟಿದ್ದಳು. ಆದರೂ ಓದುತ್ತ ಹೋದಂತೆ ಅರ್ಥವಾಯಿತು. ಕಾರ್ಡ್ ಕೆಲಸಕ್ಕೆ ಸಿದ್ಧವಾದಾಗ ಒಂದು ಕಡೆ ‘ಸಿದ್ಧ’ ಎಂದು ಗುರುತು ಹಾಕುತ್ತದೆ. ಮುಚ್ಚಳ ಮುಚ್ಚಿದಾಗ ಕಾರ್ಡ್ ಮಲಗುತ್ತದೆ, ಗುರುತು ಮಾತ್ರ ಹಾಗೇ ಉಳಿಯುತ್ತದೆ. ತೆರೆದಾಗ ಡ್ರೈವರ್ ಆ ಹಳೆಯ ಗುರುತನ್ನು ನಂಬಿ, ಇನ್ನೂ ಏಳದ ಕಾರ್ಡಿನ ಜೊತೆ ಮಾತಿಗೆ ತೊಡಗುತ್ತದೆ. ಹಾಗಾಗಿ ಮಲಗಿಸುವ ಮುನ್ನ ಗುರುತು ಅಳಿಸಬೇಕು. ಎದ್ದಮೇಲೆ ಹೊಸ ಗುರುತಿಗೆ ಕಾಯಬೇಕು. ಇಷ್ಟು ಕಂಡುಹಿಡಿಯಲು ಅರವತ್ತು ಪುಟ. ಕಂಪ್ಯೂಟರಿನಲ್ಲಿ ಬರೆದಿಟ್ಟ ಹೊಸ ತೇಪೆ ನಾಲ್ಕೇ ಸಾಲು.

ನಾಲ್ಕು ಸಾಲನ್ನು ಅವಳು ಮೂರು ಸಲ ಓದಿದಳು. ಒಂದಕ್ಷರ ಹೆಚ್ಚಿರಲಿಲ್ಲ.

ನೋಟ್‌ಬುಕ್ಕಿನ ಕೊನೆಯ ಪುಟದ ತಲೆಯಲ್ಲಿ ‘ಐನೂರು ನಿದ್ದೆ, ಆಮೇಲೆ ಸಹಿ’ ಎಂದಿತ್ತು. ಕೆಳಗೆ ಬರಿಯ 正, 正, 正. ಐದು ಗೆರೆಗೆ ಒಂದು ಅಕ್ಷರದಂತೆ ಎಣಿಕೆ. ಅರವತ್ತೆರಡು ತುಂಬಿದ್ದವು. ಅರವತ್ತಮೂರನೆಯದಕ್ಕೆ ಎರಡೇ ಗೆರೆ.

ಝೆಮಿಂಗನ ಗೆಳೆಯ ಗುವಾನ್‌ಯಿಗೆ ಫೋನ್ ಮಾಡಿದಳು. ಇಬ್ಬರೂ ಒಂದೇ ಚಿಪ್ ಕಂಪನಿಯಲ್ಲಿದ್ದವರು. ಅವನು ಊಟದ ಹೊತ್ತಿಗೇ ಬಂದು, ಪರದೆಯ ಮೇಲಿನ ಸಾಲುಗಳನ್ನು ಬೆರಳಿಟ್ಟು ಓದಿದ.

“ಅತ್ತಿಗೆ, ಮುಗಿಸಿಬಿಟ್ಟಿದ್ದಾನಲ್ಲ ಕಳ್ಳ! ನಾವು ಆರು ಜನ ಗೆಳೆಯರು ತಲೆ ಕೆಡಿಸ್ಕೊಂಡಿದ್ದಕ್ಕೆ ನಾಲ್ಕು ಸಾಲು. ಕಳಿಸಿಬಿಡೋಣ.” ಆಮೇಲೆ ಕೆಳಗೆ ನೋಡಿದ. “ಅಯ್ಯೋ, ಸಹಿ ಹಾಕಿಲ್ಲ.”

‘ಇದು ನನ್ನ ಕೆಲಸ, ಇದನ್ನು ಕೊಡುವ ಹಕ್ಕು ನನಗಿದೆ’ ಎಂದು ಹೆಸರು ಬರೆಯುವ ಆ ಒಂದು ಸಾಲಿಲ್ಲದೆ ತೇಪೆಯನ್ನು ಯಾರೂ ಮುಟ್ಟುವುದಿಲ್ಲ.

“ಐನೂರು ಸಲ ಮಲಗಿಸಿ ಎಬ್ಬಿಸದೆ ಸಹಿ ಹಾಕ್ತಿರಲಿಲ್ಲ ಅವನು. ಮುನ್ನೂರ ಹನ್ನೆರಡು ಆಗಿತ್ತು” ಎಂದಳು ಯೂವೆನ್.

“ನಾವೇ ಅವನ ಹೆಸರು ಟೈಪ್ ಮಾಡಿದ್ರಾಯ್ತು. ಒಂದು ಸಾಲು. ಯಾರಿಗೆ ಗೊತ್ತಾಗುತ್ತೆ?”

“ನೀನು ಹಾಕ್ತೀಯಾ?”

ಗುವಾನ್‌ಯಿ ಕೀಲಿಮಣೆಯಿಂದ ಕೈ ತೆಗೆದ. “ಇಲ್ಲ” ಎಂದ. “ಹಾಗೆ ಮಾಡಿದವರನ್ನ ಅವನು ಜನ್ಮದಲ್ಲಿ ಮಾತಾಡಿಸ್ತಿರಲಿಲ್ಲ.” ಆಮೇಲೆ ಪರದೆಯ ಮೇಲಿನ ಹೆಸರನ್ನು ತೋರಿಸಿ ಹೇಳಿದ: “ಅತ್ತಿಗೆ, ಬರೆದವನು ಅಂತ ಅವನ ಹೆಸರು ಹಾಗೇ ಇರುತ್ತೆ. ಅದನ್ನ ದಾಟಿಸೋರು ತಮ್ಮ ಸಹಿ ಹಾಕಬಹುದು, ಅದಕ್ಕೆ ನಿಯಮ ಇದೆ. ಮೊದಲಿಂದ ಬಿಟ್ಟಿ ಹಂಚೋಕೇ ಬರೆದದ್ದಲ್ವಾ ಇದು. ನಾನು ಹಾಕ್ತೀನಿ ಬೇಕಾದ್ರೆ.”

“ಬೇಡ. ನಾನು ಹಾಕ್ತೀನಿ. ಐನೂರಾಗಲಿ.”

“ಸರಿ. ಪ್ರೋಗ್ರಾಂನಿಂದ ಮಲಗಿಸಿದ್ರೆ ಈ ದೋಷ ಕಾಣಲ್ಲ ಮತ್ತೆ. ಮುಚ್ಚಳ ಕೈಯಲ್ಲೇ ಮುಚ್ಚಬೇಕು.”

ಮಾರನೆಯ ಬೆಳಿಗ್ಗೆ ಶುರು ಮಾಡಿದಳು. ಮುಚ್ಚಿ ಒಂದು ನಿಮಿಷ. ತೆರೆದು, ನೆಟ್ ಬಂತೇ ನೋಡಿ, ಅವನು ಅರ್ಧಕ್ಕೆ ಬಿಟ್ಟ ಅಕ್ಷರಕ್ಕೆ ಮೂರನೆಯ ಗೆರೆ ಎಳೆದಳು. ಅವನ ಗೆರೆ ಪೆನ್ಸಿಲ್ಲಿನದು, ಅವಳದು ನೀಲಿ. ಮುಚ್ಚುವುದು, ಕಾಯುವುದು, ತೆರೆಯುವುದು. ಐದು ತಿಂಗಳು ಅವನು ಆಫೀಸಿಗೆ ಹೊರಡುವ ಮುನ್ನ ಮಾಡುತ್ತಿದ್ದುದು ಇದನ್ನೇ. ಪಕ್ಕದ ಕೋಣೆಯಲ್ಲಿ ಮಲಗಿದ್ದ ಅವಳು ಆ ಟಪ್ ಟಪ್ ಕೇಳಿ ದಿಂಬಿನಡಿ ತಲೆ ಹುದುಗಿಸುತ್ತಿದ್ದಳು. ಹಾಡು ಕೇಳಲೆಂದು ಬೈದ ಒಬ್ಬ ಮುದುಕನಿಗಾಗಿ ಇಷ್ಟು ತಾಳ್ಮೆ ಅವನಲ್ಲಿತ್ತೆಂದು ಅವಳಿಗೆ ಆಗ ಗೊತ್ತಿರಲಿಲ್ಲ.

ನಾನೂರ ನಲವತ್ತೊಂದನೆಯ ಸಲ ನೆಟ್ ಬರಲಿಲ್ಲ.

ಪೆನ್ನು ಕೆಳಗಿಟ್ಟಳು. ಒಂದು ಸಲ ತಪ್ಪಿದರೂ ನಾಲ್ಕು ಸಾಲೂ ಸುಳ್ಳು. ಗಂಡ ಬರೆದಿಟ್ಟ ಕ್ರಮದಲ್ಲೇ ಯಂತ್ರದ ದಾಖಲೆ ಓದುತ್ತ ಹೋದಳು. ಗುರುತು ಅಳಿದಿತ್ತು. ಹೊಸ ಗುರುತು ಬಿದ್ದಿತ್ತು. ಕಾರ್ಡ್ ಎದ್ದು ಮನೆಯ ರೌಟರನ್ನು ಕರೆದಿತ್ತು, ಒಮ್ಮೆಯಲ್ಲ, ಹತ್ತು ಸಲ. ಕರೆದರೆ ಓಗೊಡುವವರಿಲ್ಲ. ತಿರುಗಿ ನೋಡಿದಳು. ಈಗಷ್ಟೇ ನಡುವೆ ಎದ್ದು ಕಸ ಗುಡಿಸುವಾಗ ರೌಟರಿನ ವೈರನ್ನು ಅವಳೇ ಎಳೆದುಹಾಕಿದ್ದಳು.

ಆ ಸಲವನ್ನು ಎಣಿಸಲಿಲ್ಲ. ವೈರು ಸಿಕ್ಕಿಸಿ ಮತ್ತೆ ಮಾಡಿದಳು.

ಐದನೆಯ ದಿನ ತೇಪೆ ಹೋಯಿತು. ಬರೆದವನ ಹೆಸರಿನ ಜಾಗದಲ್ಲಿ ಝೆಮಿಂಗ್. ಕೊನೆಯಲ್ಲಿ ಅವಳ ಸಹಿ. ಕಾರ್ಡ್ ಕೈಕೊಡುವ ಕಾರಣವನ್ನು ನೋಟ್‌ಬುಕ್ಕಿನಿಂದ ಇಳಿಸಿ, ಅದರ ಕೆಳಗೆ ತನ್ನದು ಎರಡೇ ವಾಕ್ಯ ಸೇರಿಸಿದಳು: ‘ಬರೆದವರು ತೀರಿಕೊಂಡಿದ್ದಾರೆ. ಐನೂರರಲ್ಲಿ ಕೊನೆಯ ನೂರ ಎಂಬತ್ತೆಂಟು ಪರೀಕ್ಷೆ ನಾನು ಮಾಡಿದ್ದೇನೆ.’

ಇನೆಸ್ ಉತ್ತರಿಸಲು ಎರಡು ದಿನ ತೆಗೆದುಕೊಂಡಳು. ‘ಸೇರಿಸಿಕೊಂಡೆ. ಮೂರು ವರ್ಷ ನಾವೆಲ್ಲ ಆ ಹಳೆಯ ಗುರುತನ್ನೇ ನಂಬಿದ್ದೆವು. ಇವರೊಬ್ಬರು ನಂಬಲಿಲ್ಲ.’

ಅಂದು ಮಧ್ಯಾಹ್ನ ಯೂವೆನ್ ಲ್ಯಾಪ್‌ಟಾಪನ್ನು ಬಿಳಿ ಟವೆಲಿನಿಂದ ಒರೆಸಿ ಪೆಂಗ್ ದೊಡ್ಡಪ್ಪನ ಅಂಗಡಿಗೆ ಹೋದಳು. ಹೊಸ್ತಿಲಿನಾಚೆ ಬೀದಿಯಲ್ಲೇ ನಿಂತಳು.

“ಅಲ್ಲೇನಮ್ಮಾ ನಿಂತಿದ್ದೀಯ, ಬಾ ಒಳಗೆ.”

“ನೂರು ದಿನ ಆಗಿಲ್ಲ ದೊಡ್ಡಪ್ಪ. ಸೂತಕದೋಳು ಒಳಗೆ ಬರಬಾರದು.”

ಮುದುಕರು ಸೌಟು ಕೆಳಗಿಟ್ಟು, ಎರಡು ಪ್ಲಾಸ್ಟಿಕ್ ಸ್ಟೂಲ್ ಹಿಡಿದು ಹೊರಬಂದರು. “ನೀನು ಬರಬಾರದು ಅಂದ್ರೆ ಅಂಗಡಿನೇ ಹೊರಗೆ ಬರುತ್ತೆ. ಕೂತ್ಕೋ. ಒಂದು ವಾರ ಅಂತ ಒಯ್ದ ನಿನ್ನ ಗಂಡ! ಕೇಳಿದಾಗೆಲ್ಲ ‘ಕಾಯಿಲೆ ಸಿಕ್ತು ದೊಡ್ಡಪ್ಪ, ಮದ್ದು ಸಿಗಲಿಲ್ಲ’ ಅಂತಿದ್ದ.”

“ಮದ್ದು ಸಿಕ್ತು.”

ಲ್ಯಾಪ್‌ಟಾಪ್ ತೆರೆದು ತೇಪೆಯ ಕೆಳಗಿನ ಸಾಲನ್ನು ತೋರಿಸಿದಳು. ದೋಷ ತಿಳಿಸಿದವರು: ಪೆಂಗ್ ಜಿನ್‌ತಿಯಾನ್.

ಕನ್ನಡಕ ಏರಿಸಿ ಅವರು ನೋಡಿದರು. “ನನ್ನ ಹೆಸರು ಯಾಕೆ ಹಾಕಿದ? ನಾನು ಬೈದದ್ದು ಬಿಟ್ರೆ ಏನು ಮಾಡ್ದೆ?”

“ಬೈದದ್ದೇ ಉಪಕಾರ ಅಂತ ಈ ಲಿನಕ್ಸ್‌ನವರಲ್ಲಿ ಪದ್ಧತಿ. ಮೊದಲು ಬೈದೋರ ಹೆಸರು ಬಿಡೋ ಹಾಗಿಲ್ಲ.”

ಮುದುಕರು ನಗಲು ಹೋಗಿ ನಗಲಿಲ್ಲ. ಹಾಡು ಹಾಕಿದರು. ಮುಚ್ಚಳ ಮುಚ್ಚಿದರು, ಹಾಡು ನಿಂತಿತು. ಇಬ್ಬರೂ ಕಾದರು. ತೆರೆದರು. ಅಂಗಡಿಯೊಳಗಿನ ರೌಟರಿನಿಂದ ಹೊಸ್ತಿಲು ದಾಟಿ ಬಂದ ಹಾಡು ನಿಂತಲ್ಲಿಂದಲೇ ಮುಂದುವರಿಯಿತು.

“ಇನ್ನೊಂದ್ಸಲ ಮುಚ್ಚಲಾ?”

“ಎಷ್ಟು ಸಲ ಬೇಕಾದ್ರೂ ಮುಚ್ಚಿ ದೊಡ್ಡಪ್ಪ” ಎಂದು ಯೂವೆನ್ ಎದ್ದು, ಸುತ್ತಿಟ್ಟಿದ್ದ ಚಾರ್ಜರನ್ನು ಚೀಲದಿಂದ ತೆಗೆದು ಅವರ ಕೈಗಿಟ್ಟಳು.