ಭೂತಗನ್ನಡಿಗೆ ಕಾಣದ ದಿಂಬು

ಸೋಫಾ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಅಲ್ಲ, ಮುಖದ ಮೇಲೇ. ಅವನಿಗೂ ಅದರಲ್ಲಿ ಹೆಮ್ಮೆ. ಯಾರ ಹೊಲಿಗೆ ಎಲ್ಲಿ ಸೊಟ್ಟ, ಯಾರ ಮೊಳೆ ಎಲ್ಲಿ ತಲೆ ಎತ್ತಿದೆ, ಎಲ್ಲ ಅವನಿಗೆ ಕಾಣಬೇಕು, ಕಂಡದ್ದನ್ನು ಮುಲಾಜಿಲ್ಲದೆ ಹೇಳಬೇಕು. ಹಳೇ ಮೇಸ್ತ್ರಿ ಕೆಲಸ ಬಿಟ್ಟಾಗ, ಆ ಜಾಗ ತನಗಲ್ಲದೆ ಇನ್ನಾರಿಗೆ ಎಂದು ಹೆಂಡತಿಯ ಮುಂದೆ ಹೇಳಿಕೊಂಡೂ ಆಗಿತ್ತು.

ಆದರೆ ಯಜಮಾನರು ಇಬ್ಬರನ್ನು ಕರೆದರು. ಇವನನ್ನು, ಜೊತೆಗೆ ಗಿಣಿಯನ್ನು!

ಗಿಣಿ ಎಂದರೆ ಹೋದ ವರ್ಷ ಸೇರಿದ ಹೊಲಿಗೆಯವಳು. ಬಾಯಿ ಮುಚ್ಚಿದ್ದೇ ಇಲ್ಲ, ಅದಕ್ಕೇ ಆ ಹೆಸರು. ಅವಳು ಒಳಗೆ ಬಂದರೆ ಮುಖ ಗಂಟಿಕ್ಕಿಕೊಂಡವರೂ ನಗುತ್ತಿದ್ದರು. ಹೊಲಿಗೆಯಾದರೂ ಕೆಟ್ಟದಾಗಿದ್ದರೆ ಅವನಿಗೆ ನೆಮ್ಮದಿ ಇರುತ್ತಿತ್ತು, ಅದೂ ಇಲ್ಲ. ತಪ್ಪು ತೋರಿಸಿದರೆ ಮುನಿಸಿಕೊಳ್ಳುವವಳೂ ಅಲ್ಲ. "ಹೌದಲ್ಲಣ್ಣ! ಒಳ್ಳೇದಾಯ್ತು ಹೇಳಿದ್ದು" ಎಂದು ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು. ಜಗಳಕ್ಕೂ ಸಿಗದ ಹೆಂಗಸಿನ ಮೇಲೆ ಎಷ್ಟಂತ ಸಿಟ್ಟು ಮಾಡುವುದು ಹೇಳಿ!

"ಹೋಟೆಲಿನ ಸೋಫಾ ಮುಗೀಲಿ," ಎಂದರು ಯಜಮಾನರು, "ನಿಮ್ಮಿಬ್ರಲ್ಲಿ ಒಬ್ರು ಮೇಸ್ತ್ರಿ."

ಮನೆಯಲ್ಲಿ ಹೆಂಡತಿ, "ಅವಳು ಎಲ್ರನ್ನೂ ಚೆನ್ನಾಗಿ ಮಾತಾಡಿಸ್ತಾಳಂತೆ, ಅದಕ್ಕಿರ್ಬೇಕು" ಎಂದಳು.

"ನೀನೂ ಅವಳ ಕಡೆಗೇ ಸೇರ್ಕೊಂಡ್ಯಾ?" ಎಂದು ಎದ್ದುಹೋದ. ಹೊಟ್ಟೆ ಉರಿಯುತ್ತಿತ್ತು. ಇಷ್ಟು ವರ್ಷ ನಿಷ್ಠುರ ಕಟ್ಟಿಕೊಂಡದ್ದು ಇವನು, ಬಂದು ಹಲ್ಲು ಕಿರಿದು ಗೆಲ್ಲುವುದು ಅವಳು!

ಹೋಟೆಲಿನವರು ಕೇಳಿದ್ದು ಹಸಿರು ಮಖಮಲ್ಲು. ಆ ಬಟ್ಟೆಗೆ ಒಂದು ದಿಕ್ಕಿದೆ. ಮೇಲಿನಿಂದ ಕೆಳಗೆ ಕೈಯಾಡಿಸಿದರೆ ನುಣ್ಣಗೆ, ಕೆಳಗಿನಿಂದ ಮೇಲಕ್ಕೆ ತೊಡಕು. ಒಂದು ತುಂಡು ತಲೆಕೆಳಗಾಗಿ ಹೊಲಿದರೂ ದೀಪದ ಕೆಳಗೆ ಅದೊಂದೇ ಬೇರೆ ಬಣ್ಣವಾಗಿ ಕಾಣುತ್ತದೆ. ಗಿಣಿ ಹರಟುತ್ತಾ ನಡುವಿನ ದಿಂಬನ್ನು ಹಾಗೆಯೇ ಹೊಲಿದುಬಿಟ್ಟಿದ್ದಳು. ಪಕ್ಕದಲ್ಲಿ ಹಾದುಹೋಗುವಾಗ ಅವನ ಕೈಗೆ ಅದು ತಟ್ಟನೆ ಸಿಕ್ಕಿತು.

ಗಿಣಿ ತಲೆ ಎತ್ತಿ ನೋಡಿದಳು. ಭೂತಗನ್ನಡಿ ಏನೂ ಅನ್ನದೆ ಮುಂದೆ ಹೋದರೆ ಮಾಲು ಪಾಸು, ಅದು ಅಲ್ಲಿಯ ರೂಢಿ. ಮಾತು ನಾಲಿಗೆಯ ತುದಿಗೆ ಬಂತು. ಅವನು ಮುಂದೆ ಹೋದ. ನಾನೇನು ಸುಳ್ಳು ಹೇಳಲಿಲ್ಲವಲ್ಲ ಎಂದುಕೊಂಡ.

ಸೋಫಾ ಹೋಟೆಲಿನಿಂದ ವಾಪಸು ಬಂತು. ಯಜಮಾನರು ಕೆಂಡಾಮಂಡಲ.

"ತಪ್ಪು ನಂದೇ, ಯಜಮಾನ್ರೆ," ಎಂದಳು ಗಿಣಿ, "ಹೊಲಿದಿದ್ದು ನಾನು." ಇವನ ಹೆಸರನ್ನೇ ಎತ್ತಲಿಲ್ಲ.

ಒಳಗೊಳಗೇ ಅವನಿಗೆ ಹಾಲು ಕುಡಿದಷ್ಟು ಸಂತೋಷ. ಅಷ್ಟರಲ್ಲಿ ಯಜಮಾನರು ಅವನ ಕಡೆ ತಿರುಗಿದರು. "ನಿನ್ನ ಮುಂದೇ ಹೋಗಿದ್ದಲ್ವೇನಯ್ಯ ಇದು? ಕಂಡೂ ಸುಮ್ನಿದ್ಯೋ, ಇಲ್ಲ ಕಾಣ್ಲಿಲ್ವೋ?"

ಕಂಡಿತು ಎಂದರೆ ಎಲ್ಲರೂ ಮುಖಕ್ಕೆ ಉಗಿಯುತ್ತಾರೆ.

"ಕಾಣ್ಲಿಲ್ಲ" ಎಂದ.

ಯಜಮಾನರು ನಂಬಿದರು. ಎಲ್ಲರೂ ನಂಬಿದರು. ಇಷ್ಟು ವರ್ಷದಲ್ಲಿ ಅವನು ಸುಳ್ಳು ಹೇಳಿದ್ದನ್ನು ಯಾರೂ ಕೇಳಿರಲಿಲ್ಲ.

"ಅಯ್ಯೋ ಅಣ್ಣ!" ಎಂದಳು ಗಿಣಿ. "ಕಣ್ಣಿನ ಡಾಕ್ಟ್ರಿಗೆ ತೋರಿಸಿ, ಸುಮ್ನೆ ಬಿಡ್ಬೇಡಿ." ಅವಳ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು, ಹಾಳಾದವಳು!

ತಪ್ಪನ್ನು ಒಪ್ಪಿಕೊಂಡವಳೇ ಮೇಸ್ತ್ರಿಯಾದಳು. ಕಾಣದವನನ್ನು ಮೇಸ್ತ್ರಿ ಮಾಡುವುದಾದರೂ ಹೇಗೆ? ಅವಳು ಮೊದಲು ಮಾಡಿದ ಕೆಲಸವೆಂದರೆ ಅವನ ಮೇಜನ್ನು ಕಿಟಕಿಯ ಬೆಳಕಿಗೆ ಸರಿಸಿದ್ದು.

ಮಾರನೇ ವಾರ ಮೊಳೆ ಹೊಡೆಯುವವನು ಮಾಡಿದ ಕುರ್ಚಿಯೊಂದರಲ್ಲಿ ಅಂಚು ಸೊಟ್ಟಗಿತ್ತು. "ಏಯ್, ಸೊಟ್ಟಗಿದೆ, ಬಿಚ್ಚು!" ಎಂದು ಭೂತಗನ್ನಡಿ ಗದರಿದ. ಮೊದಲಾಗಿದ್ದರೆ ಮೊಳೆಯವನು ತುಟಿಪಿಟಕ್ಕೆನ್ನದೆ ಬಿಚ್ಚುತ್ತಿದ್ದ. ಈಗ ಒಂದು ಗಳಿಗೆ ಇವನ ಮುಖ ನೋಡಿ, "ಅಕ್ಕಾ, ನೀವೊಂದ್ಸಲ ನೋಡ್ತೀರಾ?" ಎಂದು ಕೂಗಿದ.

ಗಿಣಿ ಬಂದು ಬಗ್ಗಿ ನೋಡಿದಳು. ಅವಳ ಮುಖ ಅರಳಿತು.

"ಹೌದು ಕಣ್ರೋ, ಸೊಟ್ಟಗೇ ಇದೆ!" ಎಂದು ಇಡೀ ಕಾರ್ಖಾನೆಗೆ ಕೇಳುವಂತೆ ಹೇಳಿದಳು. "ನೋಡಿ, ಇವತ್ತು ಅಣ್ಣಂಗೆ ಕಂಡಿದೆ!"