ಬ್ಯಾನರಿನ ಮೂಲೆಯ ಲೋಗೋ

ಶಿಗ್ಗಾಂವದ ಫ್ಲೆಕ್ಸ್ ಅಂಗಡಿಯಲ್ಲಿ ಬ್ಯಾನರು ವಿನ್ಯಾಸ ಮಾಡುವ ದಿಲ್ಶಾದಳಿಗೆ ಪೋರ್ಚುಗೀಸ್ ಭಾಷೆಯ ಒಂದಕ್ಷರವೂ ಬಾರದು. ಆದರೂ ಪೋರ್ಚುಗಲ್ಲಿನ ಟಿವಿಯ ಹಾಡಿನ ಸ್ಪರ್ಧೆಯೊಂದರ ಲೋಗೋ ಮೊದಲಿನಿಂದ ಈತನಕ ಹೇಗೆಲ್ಲ ಬದಲಾಯಿತೆಂದು ಅವಳು ಬಲ್ಲಳು. ಗಿರಾಕಿಗಳಿಲ್ಲದಾಗ ಆ ಲೋಗೋಗಳನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಬಿಡಿಸುತ್ತಾಳೆ. ಇದೇನೆಂದು ಮನೆಯಲ್ಲೂ ಅಂಗಡಿಯಲ್ಲೂ ಯಾರೂ ಕೇಳಿಲ್ಲ. ಕೇಳದವರಿಗೆ ತಾನಾಗಿ ಹೇಳುವ ಜಾಯಮಾನ ಅವಳದಲ್ಲ.

ಗೊಟಗೋಡಿಯ ಫಕ್ಕೀರೇಶ ಗೆಳೆಯನ ಹುಟ್ಟುಹಬ್ಬದ ಬ್ಯಾನರು ಮಾಡಿಸಲು ಬಂದ. ಶುಭ ಕೋರುವವರ ಮುಖಗಳನ್ನೆಲ್ಲ ಕೂರಿಸಿದ ಮೇಲೂ ಒಂದು ಮೂಲೆ ಖಾಲಿ ಉಳಿಯಿತು.

“ಅಲ್ಲಿ ಏನರ ಹಾಕ್ರಿ ಅಕ್ಕಾ,” ಎಂದ.

ದಿಲ್ಶಾದ ತನಗೆ ಬಹಳ ಇಷ್ಟವಾದ ಹಳೆಯ ಲೋಗೋ ಒಂದನ್ನು ಹಾಕಿದಳು. ಬ್ಯಾನರು ಗೊಟಗೋಡಿಯ ಬಸ್ ನಿಲ್ದಾಣದಲ್ಲಿ ಏರಿತು. ಯಾರಾದರೂ ಕೇಳಿಕೊಂಡು ಬಂದಾರೆಂದು ಅವಳು ಕಾದಳು. ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಟ್ಟುಕೊಂಡಳು.

ಕೆಲವು ವಾರಗಳ ಮೇಲೆ ಫಕ್ಕೀರೇಶ ಮತ್ತೆ ಬಂದ.

“ಬ್ಯಾನರ್ ನೋಡಿ ಯಾರರ ಏನರ ಕೇಳಿದ್ರೇನ್ರಿ?” ದಿಲ್ಶಾದ ಕೇಳಿದಳು.

“ಭಾಳ ಮಂದಿ ಕೇಳ್ಯಾರ್ರಿ ಅಕ್ಕಾ.”

ಮೌಸಿನ ಮೇಲಿದ್ದ ಅವಳ ಕೈ ನಿಂತಿತು.

“ಫ್ಲೆಕ್ಸ್ ದಪ್ಪ ಐತಿ, ಬಿಚ್ಚಿದ ಮ್ಯಾಲೆ ಮೇವಿನ ಬಣವಿ ಮುಚ್ಚಾಕ ನಮಗ ಕೊಡು ಅಂತ.”